ಮರೆಯಲ್ಲಿದ್ದ ಫೋಲ್ಡರ್

ಕಂಪ್ಯೂಟರ್ ರಿಪೇರಿ ಅಂಗಡಿಯ ಬೆಂಚಿನ ಮೇಲೆ ಟೈಲರಮ್ಮ ಕೆಟ್ಟ ಪ್ರಿಂಟರನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು. ಪಕ್ಕದಲ್ಲಿ ಅಕ್ಕ ತಮ್ಮ ಕೂತಿದ್ದರು. ಕಾಲ ಬಳಿ ಅವರ ಸಿಪಿಯು. ದನಿ ತಗ್ಗಿಸಿಯೇ ಜಗಳವಾಡುತ್ತಿದ್ದರೂ ಒಂದು ಮಾತೂ ಅವಳ ಕಿವಿ ತಪ್ಪಲಿಲ್ಲ.

“ನಾಳೆ ಕ್ಲಿನಿಕ್‌ನವರಿಗೆ ಪ್ರೋಗ್ರಾಂ ಕೊಡ್ಬೇಕು ಕಣೋ. ನಿನ್ನೆ ತಿದ್ದಿದ್ರಲ್ಲಿ ಅದು ಕೆಟ್ಟು ಕೂತಿದೆ. ಹಳೇದು ವಾಪಸ್ ಸಿಗ್ಲಿ ಅಂತಾನೇ, ತಿದ್ದಿದ್ದಕ್ಕೆಲ್ಲಾ ಲೆಕ್ಕ ಇಡೋ ಆ ಗಿಟ್ ಸಾಫ್ಟ್‌ವೇರ್ ಹಾಕಿದ್ದು.”

“ಇನ್ಮೇಲೆ ಎಲ್ಲಾ ಗಿಟ್ ನೋಡ್ಕೊಳ್ಳುತ್ತೆ, ಹಳೇ ಕಾಪಿಗಳನ್ನ ಅಳಿಸು ಅಂತ ನೀನೇ ಹೇಳಿದ್ದಲ್ವಾ ಅಕ್ಕ?”

“ನಿನ್ನ ‘ಫೈನಲ್’, ‘ಹೊಸ ಫೈನಲ್’, ‘ಇದೇ ಫೈನಲ್’ ಅಳಿಸು ಅಂದೆ.”

“ಅಳಿಸ್ದೆ. ಆಮೇಲೆ ಮರೆಯಲ್ಲಿದ್ದ ಫೋಲ್ಡರ್ ಒಂದು ಕಾಣಿಸ್ತು. ಅದನ್ನೂ ತೆಗೆದೆ.”

“ಹಳೇದೆಲ್ಲಾ ಇದ್ದಿದ್ದೇ ಅದ್ರಲ್ಲಿ. ಹೆಸರೇ ಗಿಟ್ ಅಂತ ಇತ್ತಲ್ಲೋ.”

“ಅದಕ್ಕೇ, ಇನ್‌ಸ್ಟಾಲ್ ಮಾಡಿದ ಮೇಲೆ ಉಳಿದ ಕಸ ಅಂದ್ಕೊಂಡೆ.”

ಅಕ್ಕ ಹಣೆ ಒತ್ತಿಕೊಂಡಳು. ಅಷ್ಟರಲ್ಲಿ ಒಳಗಿನಿಂದ ಮೆಕ್ಯಾನಿಕ್ ಕರೆದ.

“ಅಳಿಸಿಹೋದ ಫೈಲ್‌ನವರು ಬನ್ನಿ. ಪ್ರಯತ್ನ ಮಾಡೋಣ. ಅಳಿಸಿದ್ಮೇಲೆ ಕಂಪ್ಯೂಟರಿಗೆ ಬೇರೇನೂ ಹಾಕಿಲ್ಲ ತಾನೆ? ಹಾಕಿದ್ರೆ ಅದು ಹಳೇ ಫೈಲಿನ ಜಾಗದಲ್ಲೇ ಕೂತ್ಬಿಡುತ್ತೆ, ಮತ್ತೆ ಸಿಗಲ್ಲ.”

ಅಕ್ಕ ತಮ್ಮನ ಕಡೆ ತಿರುಗಿದಳು.

“ಜಾಗ ಖಾಲಿ ಆಯ್ತಲ್ಲ ಅಂತ ಒಂದು ಗೇಮ್ ಹಾಕ್ದೆ.”

“ದೊಡ್ಡದಾ?” ಅಕ್ಕ ಕೇಳಿದಳು.

“ಡಿಸ್ಕ್ ತುಂಬೋವಷ್ಟು.”

“ಸಿಪಿಯು ಎತ್ಕೋ,” ಎಂದು ಅಕ್ಕ ಮುಂದೆ ನಡೆದಳು. “ಅವ್ರಿಗೆ ಇದನ್ನ ನೀನೇ ಹೇಳು.”