ಮರಿಯಮ್ಮನ ಕೈಗೆ ಮೈಕು ಕೊಟ್ಟವನು ನಾನು

ಮರಿಯಮ್ಮನ ಮಗಳು ಲಿಖಿತಾ, ಅವಳ ಬಂಧುಗಳೇ, ಹೊನ್ನವಳ್ಳಿ ಪ್ರಾರ್ಥನಾಲಯದ ವಿಶ್ವಾಸಿಗಳೇ, ಅರ್ಧ ದಿನದ ಕೆಲಸ ಬಿಟ್ಟು ಬಂದಿರುವ ಮಂಡಿಯ ಗೆಳೆಯರೇ — ಎಲ್ಲರಿಗೂ ವಂದನೆ. ನನ್ನನ್ನು ಬಲ್ಲಿರಿ. ತಿಪಟೂರಿನ ಮಂಡಿಯಲ್ಲಿ ಹತ್ತೊಂಬತ್ತು ವರ್ಷ ಮರಿಯಮ್ಮನ ಪಕ್ಕದಲ್ಲಿ ಕೂತು ಕೊಬ್ಬರಿ ಆಯ್ದವನು. ಈ ಪ್ರಾರ್ಥನಾಲಯದ ಸಭೆಯ ಹಿರಿಯನೂ ನಾನೇ. ಹಿರಿಯ — ಹಾಗೆ ಕರೆಸಿಕೊಳ್ಳಲು ಇವತ್ತು ನಾಚಿಕೆಯಾಗುತ್ತದೆ.

ಮಾತಾಡಿದವರೆಲ್ಲ 'ಕರ್ತರು ಕರೆದುಕೊಂಡರು' ಎಂದಿರಿ. ಇಲ್ಲ. ಕರ್ತರು ಕರೆಯಲಿಲ್ಲ. ನಾವು ಕಳಿಸಿದೆವು.

ಕೊಬ್ಬರಿ ಆಯುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ನುಣ್ಣಗಿರುವ ಉಂಡೆಯನ್ನು ಹೀಗೆ ಮೂಗಿನ ಹತ್ತಿರ ಹಿಡಿದು, 'ಇದು ಕೆಟ್ಟೈತೆ ಕಣಣ್ಣ' ಅಂತ ಪಕ್ಕಕ್ಕೆ ಎಸೆಯುತ್ತಿದ್ದಳು. ಒಡೆದರೆ ಒಳಗೆ ಕಪ್ಪು. ಅಂಥವಳು ಹೇಗೆ ಮೋಸ ಹೋದಳು? ಮಂಡಿಯಲ್ಲಿ ಅವಳೇ ಮೂಸಿ ನೋಡುತ್ತಿದ್ದಳು. ಇಲ್ಲಿ ನಾವು ಮೂಸಿ ನೋಡಿದ್ದೇವೆ ಎಂದು ನಂಬಿದಳು.

ಮೂರು ತಿಂಗಳ ಹಿಂದೆ ಒಬ್ಬ ಬ್ರದರ್ ಬಂದ, ಊರೂರು ಸುತ್ತುವ ಬೋಧಕ. ಹೆಸರು ಹೇಳಿ ಬಾಯಿ ಹೊಲಸು ಮಾಡಿಕೊಳ್ಳುವುದಿಲ್ಲ. ರೋಗ ವಾಸಿ ಮಾಡುವ ಮೂರು ದಿನದ ಪ್ರಾರ್ಥನಾ ಕೂಟ. ಕೊನೆಯ ದಿನ 'ವಿಶ್ವಾಸ ಇರುವವರು ಔಷಧಿ ತಂದು ವೇದಿಕೆಯ ಮುಂದೆ ಇಡಿ' ಎಂದ. ಮರಿಯಮ್ಮ ಇನ್ಸುಲಿನ್ ಇಟ್ಟಳು. ವಾಸಿಯಾದವರು ಎದ್ದು ಸಾಕ್ಷಿ ಹೇಳುವುದು ನಮ್ಮ ಪದ್ಧತಿಯಲ್ಲವೇ — ಮೈಕು ಕೊಟ್ಟವನು ನಾನು. 'ಕರ್ತರು ನನ್ನ ಶುಗರ್ ತೆಗೆದರು' ಎಂದಳು. ನೀವು ಚಪ್ಪಾಳೆ ತಟ್ಟಿದಿರಿ. ನಾನು ನಿಮಗಿಂತ ಜೋರಾಗಿ ತಟ್ಟಿದೆ.

ಆಟೋ ಬುಡನ್ ಸಾಬ್ ಇಲ್ಲೇ ಹಿಂದೆ ನಿಂತಿದ್ದಾರೆ. ಆ ವಾರವೇ ನನ್ನನ್ನು ತಡೆದು ಹೇಳಿದರು: 'ನಿಮ್ ಬ್ರದರ್‌ನ ಹಲ್ಲುನೋವಿಗೆ ಡಾಕ್ಟ್ರತ್ರ ಕರ್ಕೊಂಡೋಗಿದ್ದು ನಾನೇ ಕಣಣ್ಣ. ಅಕ್ಕಂಗೆ ಸೂಜಿ ಬುಡಬ್ಯಾಡ ಅನ್ನಿ. ನಮ್ಮಲ್ಲೂ ಅವ್ರೆ ಇಂಥೋರು, ತಾಯಿತ ಕಟ್ಟಿ ಮಾತ್ರೆ ಬುಡ್ಸೋರು.' ನಾನೇನಂದೆ ಗೊತ್ತೇ? 'ದೇವರ ಸೇವಕರ ಬಗ್ಗೆ ಹಂಗೆಲ್ಲ ಮಾತಾಡಬೇಡ್ರಿ.' ಬೇಲಿಯ ಆಚೆ ನಿಂತವರಿಗೆ ಕಂಡದ್ದು ನನಗೆ ಕಾಣಲಿಲ್ಲ.

ಮೂರು ವಾರ ಕಳೆಯಿತು. ಮಂಡಿಯಲ್ಲಿ ಮರಿಯಮ್ಮ ಚಪ್ಪಲಿ ಕಳಚಿ ಕಾಲು ತೋರಿಸಿದಳು. 'ಅಣ್ಣ, ಬೆರಳು ಕಪ್ಪಗಾಗೈತೆ. ಆಸ್ಪತ್ರೆಗೆ ಹೋಗ್ಲಾ? ಆದ್ರೆ ಎಲ್ರ ಮುಂದೆ ಸಾಕ್ಷಿ ಹೇಳ್ಬುಟ್ಟಿದೀನಿ. ಈಗ ಸೂಜಿ ಚುಚ್ಚಿಸ್ಕಂಡ್ರೆ ದೇವ್ರನ್ನ ಸುಳ್ಳುಗಾರ ಮಾಡ್ದಂಗಾಗಲ್ವಾ?'

ಅವಳಿಗೆ ಸಾವಿನ ಭಯವಿರಲಿಲ್ಲ, ಸ್ವಾಮಿ. ದೇವರ ಮಾನ ಹೋದೀತೆಂಬ ಭಯ. 'ಹೋಗಮ್ಮ' ಎನ್ನುವುದಕ್ಕೆ ನನಗೆ ಎಷ್ಟು ಹೊತ್ತು ಬೇಕಿತ್ತು? 'ಇನ್ನೊಂದು ವಾರ ನೋಡವ್ವ, ಉಪವಾಸ ಮಾಡಿ ಪ್ರಾರ್ಥಿಸೋಣ' ಎಂದೆ. ಸಕ್ಕರೆ ಕಾಯಿಲೆಯವಳಿಗೆ ಉಪವಾಸ ಹೇಳಿದೆ. ಆಮೇಲೆ ಆಸ್ಪತ್ರೆಗೆ ಸೇರಿಸುವಾಗ ವಿಷ ಮೈಗೆಲ್ಲ ಏರಿತ್ತು.

ಸಾವಿನ ಸುದ್ದಿ ತಿಳಿಸಲು ಆ ಬ್ರದರ್‌ಗೆ ಫೋನ್ ಮಾಡಿದೆ. 'ಸಿಸ್ಟರ್‌ಗೆ ವಿಶ್ವಾಸ ಸಾಲದಾಯ್ತು' ಎಂದ. ವಾಸಿಯಾದರೆ ಅವನ ಪ್ರಾರ್ಥನೆ, ಸತ್ತರೆ ಅವಳ ಅವಿಶ್ವಾಸ. ಸುಳ್ಳು ಬೋಧಕನನ್ನು ಗುರುತಿಸಲು ಇದಕ್ಕಿಂತ ಬೇರೆ ಗುರುತು ಬೇಕೇ?

ಕುರಿಯ ವೇಷದಲ್ಲಿ ಬರುವ ತೋಳದ ಬಗ್ಗೆ ಯೇಸುಸ್ವಾಮಿ ಮೊದಲೇ ಎಚ್ಚರಿಸಿದ್ದರು. ಅವರನ್ನು ದೇವಾಲಯದ ತುದಿಗೆ ಹತ್ತಿಸಿ, 'ಧುಮುಕು, ದೂತರು ಹಿಡಿಯುತ್ತಾರೆ' ಎಂದವನು ಯಾರು? ಸೈತಾನ. ಅವನೂ ಬೈಬಲ್ಲಿನ ವಚನವನ್ನೇ ಹೇಳಿದ — ಬಾಯಿಪಾಠವಾಗಿ. ಸ್ವಾಮಿ ಧುಮುಕಲಿಲ್ಲ. ದೇವರನ್ನು ಪರೀಕ್ಷಿಸಬಾರದು ಎಂದರು. ಇದನ್ನು ಸಂಡೇ ಸ್ಕೂಲಿನಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೇನೆ. ಆ ಬಡವಿಯನ್ನು ತುದಿಗೆ ಹತ್ತಿಸಿದಾಗ ಮಾತ್ರ ಕೆಳಗೆ ನಿಂತು ಚಪ್ಪಾಳೆ ತಟ್ಟಿದೆ.

ಲಿಖಿತಾ, ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ, ತಾಯಿ. ಹಿರಿಯತನ ಇವತ್ತಿಗೆ ಬಿಟ್ಟೆ.

ಇನ್ನೊಂದೇ ಮಾತು. ಆ ಕೂಟದಲ್ಲಿ ಔಷಧಿ ಇಟ್ಟವರಲ್ಲಿ ಇನ್ನೂ ಮೂವರು ಇಲ್ಲೇ ಕೂತಿದ್ದೀರಿ. ಸಾಕ್ಷಿಯನ್ನೂ ಹೇಳಿದ್ದೀರಿ. ಹೆಸರು ಹೇಳುವುದಿಲ್ಲ. ಇಲ್ಲಿಂದ ಸೀದಾ ಆಸ್ಪತ್ರೆಗೆ ಹೋಗಿ. ನಿಮ್ಮ ಸಾಕ್ಷಿ ಸುಳ್ಳಾದರೆ ಆಗಲಿ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಎರಡು ನಿಮಿಷ ಮೌನ. ಆಮೆನ್ ಬೇಡ, ಸ್ತೋತ್ರ ಬೇಡ. ಕಣ್ಣನ್ನೂ ಮುಚ್ಚಬೇಡಿ — ಈ ಹುಡುಗಿಯ ಮುಖ ನೋಡುತ್ತಾ ನಿಲ್ಲಿ.