ಮಗ್ಗದ ಕುಣಿ

ಬೆಟಗೇರಿಯ ದವಾಖಾನೆಯಲ್ಲಿ ಸರದಿಗೆ ಕಾಯುತ್ತಿದ್ದ ರೋಹಿಣಿಯ ಕಿವಿ ಎದುರು ಬೆಂಚಿನ ಮುದುಕರ ಕಡೆಗಿತ್ತು. ಅವರಲ್ಲಿ ಮಾಶಾಕ ಎಂಬವನು ಪಕ್ಕದಲ್ಲಿದ್ದ ತನ್ನ ಗೆಳೆಯ, ನೇಕಾರ ಬಾಬಣ್ಣನನ್ನು ಕೇಳುತ್ತಿದ್ದ.

“ನಾಡಿ ಎಷ್ಟೈತಿ ಈಗ?”

“ಎಪ್ಪತ್ತಕ್ಕ ಇಳದೈತಿ. ಮಗ್ಗ ಮಾರಿದ ಮ್ಯಾಲೆ ತೊಂಬತ್ತು ದಾಟಿತ್ತು.”

“ಕುಂತ ಕುಂತ ಎದಿ ಬಡಿತ ಹಿಡಿಯೋ ನರದ ಲಗಾಮು ಸಡ್ಲ ಆಗೇತಿ, ದಿನಾ ಕಾಲಿಗೆ ಕೆಲಸ ಕೊಡು ಅಂದಿದ್ರಲ್ಲ ಡಾಕ್ಟರು. ವಾಕಿಂಗ ಹೊಂಟೀಯೇನು?”

“ಇಲ್ಲೋ. ಮಗ್ಗ ಹೋದ್ರೂ ಕಾಲಿಡೋ ಕುಣಿ ಹಂಗ ಐತಿ. ಮುಂಜಾನೆದ್ದು ಅದರಾಗ ಕಾಲು ಇಳಿಬಿಟ್ಟು ಒಂದು ತಾಸು ಮಗ್ಗ ತುಳಿದಂಗ ತುಳೀತೇನಿ.”

“ಖಾಲಿ ಕುಣ್ಯಾಗ? ಹುಚ್ಚ ಅದೀಯೇನಲೇ! ಮಗ್ಗದ ಸಪ್ಪಳಿಲ್ದ ಹೆಂಗ ತುಳೀತಿ?”

“ಸಪ್ಪಳಾ ಬಾಯಿಲೆ ಮಾಡ್ಕೋತೇನಿ. ನಗಾಕ ಮನ್ಯಾಗ ಯಾರದಾರ?”

ಒಳಗಿಂದ ಬಾಬಣ್ಣನ ಹೆಸರು ಕೂಗಿದರು. ಮಾಶಾಕ ಅವನ ರಟ್ಟೆ ಹಿಡಿದು ಎಬ್ಬಿಸಿದ. ಬಾಗಿಲ ತನಕ ಬಾಬಣ್ಣನ ಬಾಯಿ ಸಣ್ಣಗೆ ಖಟಾಖಟ್ ಎನ್ನುತ್ತಲೇ ಇತ್ತು.