ಉಮ್ಮನ ಬಾತ್‌ರೂಮಿನ ನಾಲ್ಕು ಹಸಿರು ಟೈಲು

ಇಲ್ಲ ಇಲ್ಲ, ಅದು ಡಿಸೈನು ಅಲ್ಲ ಮಕ್ಕಳೇ, ಅದು ನನ್ನ ತಪ್ಪು. ನೆಲ ಪೂರ್ತಿ ಬಿಳಿ, ನಡುವಲ್ಲಿ ನಾಲ್ಕೇ ನಾಲ್ಕು ಹಸಿರು, ಯಾರು ನೋಡಿದರೂ ಕೇಳ್ತಾರೆ. ಝುಬೈದಾ ನಗಾಡ್ತಾ ಇದ್ದಾಳೆ ನೋಡಿ, ನಿಮ್ಮ ತಾಯಿ, ಅವಳಿಗೆ ಗೊತ್ತುಂಟು. ನಿಮಗೂ ಅರ್ಧ ಗೊತ್ತುಂಟು. ಹೋದ ವರ್ಷ ಅಜ್ಜಿ ಕಲ್ಲಡ್ಕದ ನಿಮ್ಮ ಮನೆಯಿಂದ ಬೆಳಿಗ್ಗೆ ಹೊರಟು ಮಧ್ಯಾಹ್ನಕ್ಕೆ ವಾಪಸು ಬಂದದ್ದು ನೆನಪುಂಟಾ? ಯಾಕೆ ಅಂತ ಆಗ ಯಾರೂ ಹೇಳಲಿಲ್ಲ. ಈಗ ಹೇಳ್ತೇನೆ, ಕೂತುಕೊಳ್ಳಿ.

ನನ್ನ ಉಮ್ಮ, ನಿಮ್ಮ ಅಜ್ಜಿ, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಆಪರೇಶನ್ ಆಯಿತು. ಡಾಕ್ಟರು ಹೇಳಿದ್ದು ಒಂದೇ ಮಾತು, ಇನ್ನು ಮೇಲೆ ಇವರು ಕುಕ್ಕರಗಾಲಲ್ಲಿ ಕೂತುಕೊಳ್ಳಲೇಬಾರದು, ಕುರ್ಚಿಯ ಹಾಗಿನ ಕಮೋಡೇ ಬೇಕು ಅಂತ. ನಮ್ಮ ಬಂಟ್ವಾಳದ ಮನೆ ನಿಮಗೆ ಗೊತ್ತಲ್ಲ, ಕಕ್ಕಸು ಹೊರಗೆ, ಮೂರು ಮೆಟ್ಟಿಲು ಇಳಿದು ಹೋಗ್ಬೇಕು. ಹಾಗಾಗಿ ಆಸ್ಪತ್ರೆಯಿಂದ ಸೀದಾ ಕಲ್ಲಡ್ಕಕ್ಕೆ ಕರ್ಕೊಂಡು ಹೋದದ್ದು. ನನ್ನ ಹೆಂಡತಿ ಮೈಮೂನಾ ಸಹ ಆರೈಕೆಗೆ ಅಂತ ಅಲ್ಲೇ ಉಳಿದಳು. ಇಲ್ಲಿ ನಾನೊಬ್ಬನೇ. ಉಮ್ಮ ಕಾರು ಹತ್ತುವಾಗ ನನ್ನ ಕೈ ಹಿಡಿದು ಹೇಳಿದ್ದು ಇಷ್ಟೇ: "ಮೋನೇ, ನೋಂಬಿಗೆ ಮೊದಲು ನನ್ನನ್ನು ಮನೆಗೆ ಸೇರಿಸು. ಮಗಳ ಮನೆ ಒಳ್ಳೆಯದೇ. ಆದರೆ ನೋಂಬಿಗೆ ನಮ್ಮ ಪಳ್ಳಿಯ ಬಾಂಗು ಕೇಳ್ಬೇಕು ನನಗೆ." ಮಸೀದಿ ಮನೆಗೆ ಹತ್ತಿರವೇ, ಬಾಂಗು ಕೋಣೆಗೇ ಕೇಳ್ತದೆ. ಉಪವಾಸದ ತಿಂಗಳಿಗೆ ಆಗ ನಲ್ವತ್ತು ದಿವಸ ಇತ್ತು. ಒಂದು ಬಾತ್‌ರೂಮಿಗೆ ನಲ್ವತ್ತು ದಿವಸ ಧಾರಾಳ ಆಯ್ತು ಅಂತ ನಾನು ಲೆಕ್ಕ ಹಾಕಿದೆ. ಮನೆ ರಿಪೇರಿ ಮಾಡಿಸಿ ಗೊತ್ತಿಲ್ಲದವರು ಹಾಗೇ ಲೆಕ್ಕ ಹಾಕುವುದು.

ಉಮ್ಮನ ಕೋಣೆಗೆ ತಾಗಿ ಹಿಂದೆ ಒಂದು ತುಂಡು ಜಾಗ ಇತ್ತು. ಓರೆ ಜಾಗ, ನೆರೆಮನೆಯ ಕಂಪೌಂಡು ಹೋದ ಹಾಗೆ ಹೋಗಿದೆ. ಅಲ್ಲಿ ಕಟ್ಟಿದರೆ ಹೊಸ ಮೂರು ಗೋಡೆಯಲ್ಲಿ ಒಂದೂ ಮನೆಗೆ ಸಮ ಬರುವುದಿಲ್ಲ, ಆದರೆ ಬೇರೆ ಜಾಗ ಇಲ್ಲ. ಸಂಜೀವ ಮೇಸ್ತ್ರಿಯನ್ನು ಕರೆಸಿದೆ. ಅವರ ತಂದೆ ನಮ್ಮ ಮಾಡಿನ ಹಂಚು ಹೊದಿಸಿದವರು, ಇವರು ನಮ್ಮ ಬಾವಿಕಟ್ಟೆ ಕಟ್ಟಿದವರು, ಉಮ್ಮನನ್ನು ಇವರೂ ಉಮ್ಮ ಅಂತಲೇ ಕರೆಯುವುದು. ಕೆಂಪುಕಲ್ಲು ಬಂತು, ಹೊಯಿಗೆ ಬಂತು. ರೇಟು ಕೇಳ್ಬೇಡಿ. ಮರಳು ತುಂಬಿದ ನೇತ್ರಾವತಿ ನಮ್ಮ ಹಿತ್ತಲಿನಾಚೆ ಹರಿಯುತ್ತದೆ, ಮಳೆಗಾಲದಲ್ಲಿ ಕರೆಯದೆ ಅಂಗಳಕ್ಕೂ ಬರ್ತದೆ, ಆದರೆ ಹೊಯಿಗೆ ಮಾತ್ರ ಎಲ್ಲಿಂದಲೋ ಲಾರಿಯಲ್ಲಿ ಬರಬೇಕು, ಬಂಗಾರದ ಹಾಗೆ. ಟೈಲ್ಸ್ ಅಂಗಡಿಯವರು ದರ ಹೇಳಿದಾಗ ನಾನು ಅಲ್ಲೇ ಸ್ಟೂಲಿನಲ್ಲಿ ಕೂತುಬಿಟ್ಟೆ. "ಸಾರ್, ಇದು ಇವತ್ತಿನ ರೇಟು. ನಾಳೆ ಬಂದ್ರೆ ನಿಮಗೆ ಮಲಗ್ಲಿಕ್ಕೇ ಜಾಗ ಬೇಕಾದೀತು" ಅಂದರು. ತಮಾಷೆಯ ಜನ. ಬಿಳಿ ತಗೊಂಡೆ, ಅದು ಸ್ವಲ್ಪ ಕಡಿಮೆ.

ಇಷ್ಟರಲ್ಲಿ ಕಾಲೇಜಿನಲ್ಲಿ ನನಗೆ ಬೇರೆಯೇ ಒಂದು ರಗಳೆ. ನಾನು ಲೈಬ್ರೆರಿಯಲ್ಲಿ ಇರುವವ ಅಲ್ವಾ, ಅಲ್ಲಿಗೆ ತಪಾಸಣೆಗೆ ಒಂದು ಸಮಿತಿ ಬರ್ತದೆ ಅಂತ ಆಯಿತು. ಪ್ರಿನ್ಸಿಪಾಲರು ಕರೆದು, ಎಲ್ಲ ಪುಸ್ತಕಕ್ಕೂ ಹೊಸ ಬಾರ್‌ಕೋಡ್ ಪಟ್ಟೆಯ ಸ್ಟಿಕರು ಅಂಟಿಸ್ಬೇಕು, ಹಳೆಯ ನಂಬರು ಕೀಳ್ಬೇಕು ಅಂದರು. ಎಲ್ಲ ಪುಸ್ತಕಕ್ಕೂ! ಯಾರೂ ತೆಗೆದು ನೋಡದ ಪುಸ್ತಕಕ್ಕೂ. ರಜೆ ಕೇಳಿದೆ. "ಬಾತ್‌ರೂಮಿಗೆ ರಜೆಯಾ?" ಅಂದರು. ಮತ್ತೆ ನಾನು ಕೇಳಲಿಲ್ಲ. ಬೆಳಿಗ್ಗೆ ಮೇಸ್ತ್ರಿಗೆ ಕೀ ಕೊಟ್ಟು ಹೋಗುವುದು, ಕತ್ತಲೆಗೆ ಬರುವುದು, ಹೋಟೆಲಿನಲ್ಲಿ ಊಟ. ಹೀಗೇ.

ಹಾಂ, ಒಂದು ದಿವಸ. ಅದು ಯಾವಾಗ ಅಂದರೆ, ಗೋಡೆ ಆಗಿತ್ತು, ಟೈಲು ಆಗಿತ್ತು... ಅಲ್ಲ, ಟೈಲು ಪೂರ್ತಿ ಆಗಿರಲಿಲ್ಲ, ಗೋಡೆಯದ್ದು ಆಗಿತ್ತು, ನೆಲದ್ದು ಬಾಕಿ. ನಾನು ಏಣಿಯ ಮೇಲೆ ಇದ್ದೇನೆ, ಕೈಯಲ್ಲಿ ಹತ್ತು ಪುಸ್ತಕ, ಬಾಯಲ್ಲಿ ಸ್ಟಿಕರು, ಕೆಳಗೆ ಪ್ರಿನ್ಸಿಪಾಲರು ಯಾರನ್ನೋ ಕರ್ಕೊಂಡು ಬಂದು ನಿಂತಿದ್ದಾರೆ. ಫೋನು. ಸಂಜೀವ ಮೇಸ್ತ್ರಿ. ಮೂರು ಸಲ ತೆಗೆಯಲಿಲ್ಲ, ನಾಲ್ಕನೇ ಸಲ ತೆಗೆದೆ.

"ಸಾರ್, ಆ ಕಮೋಡು ಯಾವ ಬದಿಗೆ?"

"ನಿಮಗೆ ಸರಿ ಕಂಡ ಬದಿಗೆ ಇಡಿ ಮಾರಾಯ್ರೆ."

"ಹಾಗೆ ಇಡ್ಲಿಕ್ಕೆ ಆಗುದಿಲ್ಲ ಸಾರ್. ನೀವು ಉಮ್ಮನ ಹತ್ರ ಒಂದು ಮಾತು ಕೇಳಿ..."

"ಉಮ್ಮನ ಹತ್ರ ಕಮೋಡಿನ ವಿಷಯ ಎಂತ ಕೇಳುವುದು ಮೇಸ್ತ್ರಿ! ನಾನೇ ಆಮೇಲೆ ಹೇಳ್ತೇನೆ."

ಫೋನು ಇಟ್ಟೆ. ಆಮೇಲೆ ಹೇಳಿದೆನಾ? ಇಲ್ಲ. ಮರೆತೇ ಹೋಯಿತು.

ಮಾರನೆಯ ದಿವಸ ಮೇಸ್ತ್ರಿ ಇಲ್ಲ. ಅದರ ಮಾರನೆಯ ದಿವಸವೂ ಇಲ್ಲ. ಕಿಟಕಿಯ ಸರಳಿಗೆ ಅವರ ಕರಣೆ ನೇತುಹಾಕಿ ಉಂಟು, ಅದೇ ಸಿಮೆಂಟು ಮೆತ್ತುವ ಕರಣೆ, ಮೂಲೆಯಲ್ಲಿ ಲೆವೆಲ್ ಪೈಪು, ಬಕೆಟು. ಒಂದು ವಾರ ಆಯಿತು. ನಾನು ಫೋನು ಮಾಡಿದರೆ ಸ್ವಿಚ್ ಆಫ್. ಮೂರು ಕಡೆ ಕೆಲಸ ಒಪ್ಪಿಕೊಂಡು ನಮ್ಮದನ್ನು ಬಿಟ್ಟು ಹೋದರು ಅಂತ ನನಗೆ ಸಿಟ್ಟು. ಬೇರೆ ಒಬ್ಬ ಮೇಸ್ತ್ರಿಯನ್ನು ಕರೆಸಿದೆ. ಅವರು ಒಳಗೆ ಬಂದರು, ಕಿಟಕಿ ನೋಡಿದರು. "ಈ ಕರಣೆ ಯಾರದ್ದು?" "ಸಂಜೀವ ಮೇಸ್ತ್ರಿದ್ದು." "ಹೌದಾ, ಹಾಗಾದರೆ ಅವರು ಬರ್ತಾರೆ" ಅಂತ ಚಹಾ ಕುಡಿದು ಹೋದರು. ಇನ್ನೊಬ್ಬರನ್ನು ಕರೆಸಿದೆ. ಅವರೂ ಕರಣೆ ನೋಡಿದರು, ಅವರೂ ಚಹಾ ಕುಡಿದರು, ಹೋದರು. ನಮ್ಮ ಕಡೆ ಅದು ಹಾಗೇ ಮಕ್ಕಳೇ, ಒಬ್ಬನ ಕರಣೆ ನೇತಾಡುವ ಮನೆಯಲ್ಲಿ ಇನ್ನೊಬ್ಬ ಕೈ ಹಾಕುವುದಿಲ್ಲ. ಬರೆದಿಟ್ಟ ಕಾನೂನಲ್ಲ, ಆದರೆ ಯಾರೂ ಮೀರುವುದಿಲ್ಲ.

ನಾನು ಮೀರಿದೆ. ಅದೇ ನನ್ನ ತಪ್ಪು... ಅಲ್ಲ, ಅದು ಎರಡನೇ ತಪ್ಪು. ನೋಂಬಿಗೆ ಒಂಬತ್ತು ದಿವಸ ಇತ್ತು. ಉಮ್ಮ ದಿನಾ ಫೋನಿನಲ್ಲಿ "ಆಯಿತಾ ಮೋನೇ?" ಅಂತ ಕೇಳುವುದು, ನಾನು "ನಾಳೆ, ಉಮ್ಮ" ಅನ್ನುವುದು. ಕೊನೆಗೆ ಆ ಕರಣೆ, ಪೈಪು, ಬಕೆಟು ಎಲ್ಲ ಒಂದು ಗೋಣಿಗೆ ತುಂಬಿಸಿ ಅಟ್ಟಕ್ಕೆ ಹಾಕಿದೆ. ಮೆಲ್ಕಾರಿನಿಂದ ಟೈಲ್ಸಿನ ಒಂದು ತಂಡವನ್ನು ಕರೆಸಿದೆ, ದೂರದ ಊರಿನವರು, ಬಹಳ ಚುರುಕಿನ ಕೆಲಸ. ಯಾವ ಬದಿಗೆ ಅಂತ ಅವರು ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ. ಎರಡು ದಿವಸದಲ್ಲಿ ನೆಲ, ಕಮೋಡು, ನಳ್ಳಿ, ಗೋಡೆಗೆ ಹಿಡಿದುಕೊಳ್ಳುವ ಸರಳು, ಎಲ್ಲ ಮುಗಿಸಿದರು. ಬಂದು ನೋಡಿದೆ. ಫಳಫಳ ಹೊಳೀತಾ ಇತ್ತು. ನನಗೆ ಎಷ್ಟು ಖುಷಿ ಅಂದರೆ, ಆ ದಿವಸ ಹೋಟೆಲಿನಲ್ಲಿ ಊಟದ ಮೇಲೆ ಒಂದು ಐಸ್‌ಕ್ರೀಮು ತಿಂದೆ.

ನೋಂಬಿಗೆ ಐದು ದಿವಸ ಇರುವಾಗ ಉಮ್ಮ ಬಂದರು. ನಿಮ್ಮ ಬಾಪನೇ ಕಾರಿನಲ್ಲಿ ಕರ್ಕೊಂಡು ಬಂದದ್ದು, ಮೈಮೂನಾ ಜೊತೆಗೆ. ಉಮ್ಮ ವಾಕರು ಹಿಡಿದು ಒಂದೊಂದೇ ಹೆಜ್ಜೆ ಇಟ್ಟು ಚಾವಡಿ ದಾಟಿದರು, ತಮ್ಮ ಮಂಚ ಮುಟ್ಟಿ ನೋಡಿದರು, ಕಿಟಕಿ ಮುಟ್ಟಿ ನೋಡಿದರು. ನಾನು ದೊಡ್ಡ ಜನದ ಹಾಗೆ ಬಾತ್‌ರೂಮಿನ ಬಾಗಿಲು ತೆರೆದು ಲೈಟು ಹಾಕಿದೆ. ಉಮ್ಮ ಬಾಗಿಲಲ್ಲೇ ನಿಂತರು. ಆಮೇಲೆ ತಿರುಗಿ ಚಾವಡಿ ನೋಡಿದರು, ಮತ್ತೆ ಕಮೋಡು ನೋಡಿದರು.

"ಮೋನೇ, ಇದನ್ನು ಯಾರು ಇಟ್ಟದ್ದು?"

"ಕೆಲಸದವರು, ಉಮ್ಮ."

"ಅವರಿಗೆ ಗೊತ್ತಿಲ್ಲ. ನಿನಗೆ?"

ಆಗ ನೋಡಿದೆ ನಾನು. ಅದರಲ್ಲಿ ಕೂತರೆ ಮುಖ ಸೀದಾ ಖಿಬ್ಲಾದ ಬದಿಗೆ. ನಮಾಝಿಗೆ ನಾವು ಯಾವ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತೇವೋ, ಸರಿಯಾಗಿ ಅದೇ ದಿಕ್ಕಿಗೆ. ಆ ಬದಿಗೆ ಮುಖ ಮಾಡಿಯೂ, ಬೆನ್ನು ಹಾಕಿಯೂ ಯಾರೂ ಕಕ್ಕಸಿಗೆ ಕೂತುಕೊಳ್ಳುವುದಿಲ್ಲ, ಚಿಕ್ಕ ಮಕ್ಕಳಿಗೂ ಅದು ಗೊತ್ತು. ಸಾವಿರಾರು ಪುಸ್ತಕ, ಯಾವುದು ಯಾವ ಕಪಾಟಿನಲ್ಲಿ ಅಂತ ಕಣ್ಣು ಮುಚ್ಚಿ ಹೇಳುವವ ನಾನು, ನನ್ನ ಮನೆಯಲ್ಲಿ ದಿಕ್ಕು ಯಾವುದು ಅಂತ ನೋಡಲಿಲ್ಲ.

ನಿಮ್ಮ ಬಾಪ ಮೆಲ್ಲನೆ, "ಗೋಡೆಯ ಒಳಗಾದರೆ ಅಷ್ಟು ತೊಂದರೆ ಇಲ್ಲ ಅಂತ ಪಳ್ಳಿಯ ಉಸ್ತಾದರು ಹೇಳ್ತಾರೆ ಉಮ್ಮ" ಅಂದರು.

"ತೊಂದರೆ ಉಸ್ತಾದರಿಗೆ ಇಲ್ಲದಿರಬಹುದು. ನನಗೆ ಉಂಟು" ಅಂದರು ಉಮ್ಮ. ಮತ್ತೆ ವಾಕರು ತಿರುಗಿಸಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕಾರಿನಲ್ಲಿ ಕೂತು, ಗಾಜು ಇಳಿಸಿ, "ನೋಂಬಿಗೆ ಇನ್ನೂ ಐದು ದಿವಸ ಉಂಟಲ್ಲ" ಅಂತ ನನಗೇ ಸಮಾಧಾನ ಹೇಳಿ ಹೋದರು.

ನಾನು ಅಟ್ಟದಿಂದ ಗೋಣಿ ಇಳಿಸಿದೆ. ಸಂಜೀವ ಮೇಸ್ತ್ರಿ ಮೂಡುಬಿದಿರೆಯ ಹತ್ತಿರ ಜೈನರ ಒಂದು ಮನೆಯಲ್ಲಿ ಕೆಲಸಕ್ಕೆ ಇದ್ದಾರೆ ಅಂತ ವಿಚಾರಿಸಿ ತಿಳ್ಕೊಂಡೆ. ಆ ದಿವಸ ಕಾಲೇಜಿಗೆ ಹೋಗಲಿಲ್ಲ, ಬಾತ್‌ರೂಮಿಗೇ ರಜೆ ಅಂತ ಬರೆದು ಕಳಿಸಿದೆ. ಗೋಣಿಯನ್ನು ಸ್ಕೂಟರಿನ ಕಾಲ ಹತ್ತಿರ ಇಟ್ಕೊಂಡು ಹೋದೆ. ಮೇಸ್ತ್ರಿ ಅಡಿಗೆ ಕೋಣೆಗೆ ಹೊಸ ಕಟ್ಟೆ ಕಟ್ತಾ ಇದ್ದರು. ನನ್ನನ್ನು ನೋಡಿ ನಗಾಡಿದರು, ಗೋಣಿಯನ್ನು ನೋಡಿ ನಗು ನಿಂತಿತು.

"ಸಾಮಾನು ನೀವೇ ತಂದ್ರಾ ಸಾರ್?"

ಸಾಮಾನು ಹಿಂದೆ ತಂದು ಕೊಡುವುದು ಅಂದರೆ ಇನ್ನು ಬರಬೇಡ ಅಂದ ಹಾಗೆ. ಇಪ್ಪತ್ತೈದು ವರ್ಷದಿಂದ ನಮ್ಮ ಮನೆಗೆ ಬಂದ ಜನ. ಎಲ್ಲ ಹೇಳಿದೆ, ಬೇರೆಯವರನ್ನು ಕರೆಸಿದ್ದು, ಉಮ್ಮ ವಾಪಸು ಹೋದದ್ದು. ಅವರು ಕೇಳಿದ್ದು ಒಂದೇ.

"ಕಮೋಡು ಯಾವ ಬದಿಗೆ ಇಟ್ಟರು?"

"ಖಿಬ್ಲಾದ ಬದಿಗೆ."

ಸಿಮೆಂಟಿನ ಕೈಯನ್ನೇ ಹಣೆಗೆ ಹೊಡ್ಕೊಂಡರು. "ಅಯ್ಯೋ ದೇವರೇ! ಅದನ್ನೇ ಅಲ್ವಾ ಸಾರ್ ನಾನು ಕೇಳಿದ್ದು! ಎಷ್ಟು ಬ್ಯಾರಿಗಳ ಮನೆಯಲ್ಲಿ ಕೆಲಸ ಮಾಡಿದ್ದೇನೆ, ನನಗೆ ಅಷ್ಟು ಗೊತ್ತಿಲ್ವಾ? ಸೂರ್ಯ ಮುಳುಗುವ ಬದಿ ಗೊತ್ತುಂಟು ನನಗೆ. ಆದರೆ ಉಮ್ಮ ನಮಾಝಿಗೆ ನಿಲ್ಲುವುದು ಸೂರ್ಯ ಮುಳುಗುವ ಬದಿಯಿಂದ ಚೂರು ಬಲಕ್ಕೆ. ಆ ಚೂರು ಎಷ್ಟು ಅಂತ ಗೊತ್ತಾಗ್ಬೇಕಲ್ಲ, ನಿಮ್ಮ ಆ ಓರೆ ಕೋಣೆಯಲ್ಲಿ! ಮಗಳು ಮೊಬೈಲಿನಲ್ಲಿ ದಿಕ್ಕು ನೋಡುವುದು ಹಾಕಿ ಕೊಟ್ಟಿದ್ದಳು. ಸ್ಲ್ಯಾಬಿನ ಕಬ್ಬಿಣದ ಹತ್ರ ಅದು ಗಿರಗಿರ ತಿರುಗಿತು. ಹಾಗೆ ನಿಮಗೆ ಫೋನು ಮಾಡಿದ್ದು. ಹೇಳ್ತೇನೆ ಅಂದ್ರಲ್ಲ, ನೀವು ಹೇಳಿದ ಮೇಲೆ ಬರುವ ಅಂತ ಕಾದೆ. ಅಷ್ಟರಲ್ಲಿ ನನ್ನ ಫೋನು ಇವರ ಬಾವಿಗೆ ಬಿತ್ತು."

ನೋಡಿ. ಕೆಲಸ ಬಿಟ್ಟು ಓಡಿದ್ದಾರೆ ಅಂತ ನಾನು ಊರೆಲ್ಲ ಹೇಳ್ಕೊಂಡು ತಿರುಗಿದ ಜನ, ನನ್ನ ಉತ್ತರಕ್ಕೆ ಕಾದು ಕೂತಿದ್ದರು.

"ಈಗ ಎಂತ ಮಾಡುವ ಮೇಸ್ತ್ರಿ?" ಅಂದೆ. ಅಷ್ಟರಲ್ಲಿ ಆ ಮನೆಯ ಯಜಮಾನರು ಹೊರಗೆ ಬಂದರು, ಎಲ್ಲ ಕೇಳಿಸ್ಕೊಂಡಿದ್ದರು ಅಂತ ಕಾಣ್ತದೆ. "ನನ್ನ ಅಡಿಗೆ ಕೋಣೆ ಅರ್ಧದಲ್ಲಿ ಉಂಟು, ಮೇಸ್ತ್ರಿಯನ್ನು ನಾನು ಬಿಡುವುದಿಲ್ಲ. ಮೂರು ವಾರದಿಂದ ನಾವು ಅಂಗಳದಲ್ಲಿ ಅನ್ನ ಬೇಯಿಸ್ತಾ ಇದ್ದೇವೆ" ಅಂದರು. ನನಗೆ ಅವರ ಸಂಕಟ ಚೆನ್ನಾಗಿ ಅರ್ಥ ಆಯಿತು, ನಾನೂ ಹೋಟೆಲಿನಲ್ಲಿ ಉಣ್ಣುವವನೇ. ಸಂಜೀವ ಮೇಸ್ತ್ರಿ ಮಾತ್ರ ತಮ್ಮ ಕೈಯ ಕರಣೆಯನ್ನು ಚೆನ್ನಾಗಿ ತೊಳೆದು, ಅವರ ಅಡಿಗೆ ಕೋಣೆಯ ಕಿಟಕಿಗೆ ನೇತುಹಾಕಿದರು. "ಇದು ಇಲ್ಲಿರಲಿ ಧಣಿಗಳೇ. ಎರಡು ದಿವಸ. ಆ ಉಮ್ಮನಿಗೆ ನೋಂಬು ಬಂತು." ಯಜಮಾನರು ಕರಣೆ ನೋಡಿದರು, ನನ್ನನ್ನು ನೋಡಿದರು. "ಎರಡೇ ದಿವಸ. ಮತ್ತೆ ಇದನ್ನು ಯಾರೂ ಗೋಣಿಗೆ ಹಾಕ್ಲಿಕ್ಕಿಲ್ಲ, ಇದು ನನ್ನ ಮನೆ" ಅಂದರು. ಕೇಳಿಸ್ಕೊಂಡಿದ್ದರು ಅಂತ ಹೇಳಿದೆನಲ್ಲ. ಮೇಸ್ತ್ರಿ ನಾನು ತಂದ ಗೋಣಿಯನ್ನು ಎತ್ತಿಕೊಂಡು ಸ್ಕೂಟರಿನ ಹಿಂದೆ ಕೂತರು.

ಚಾವಡಿಯಲ್ಲಿ ಉಮ್ಮನ ನಮಾಝಿನ ಚಾಪೆ ಗೋಡೆಗೆ ಸಮ ಇರುವುದಿಲ್ಲ, ಓರೆಯಾಗಿ ಇರುವುದು, ನೋಡಿದ್ದೀರಲ್ಲ? ಐವತ್ತು ವರ್ಷ ಒಂದೇ ಜಾಗದಲ್ಲಿ ಹಾಕಿ ಹಾಕಿ ಕಾವಿ ನೆಲದಲ್ಲಿ ಅದರ ಗುರುತು ಬಿದ್ದಿದೆ, ಸುತ್ತ ಕೆಂಪು, ಚಾಪೆಯ ಜಾಗ ಸ್ವಲ್ಪ ಕಪ್ಪು. ಮೇಸ್ತ್ರಿ ಹೊರಗೆ ಕಾಲು ತೊಳೆದು ಬಂದು ಆ ಗುರುತಿನ ಅಂಚಿಗೆ ಸರಿಯಾಗಿ ನೂಲು ಹಿಡಿಯಲಿಕ್ಕೆ ನನಗೆ ಹೇಳಿದರು. ಇನ್ನೊಂದು ತುದಿ ಹಿಡಿದು ಉಮ್ಮನ ಕೋಣೆ ದಾಟಿ ಬಾತ್‌ರೂಮಿನ ತನಕ ಹೋದರು. "ಅಲ್ಲಾಡಬೇಡಿ ಸಾರ್" ಅಂತ ಒಳಗಿಂದ ಬೊಬ್ಬೆ. ನಾನು ಮೊಣಕಾಲೂರಿ ಅಲ್ಲಾಡದೆ ಕೂತೆ. ಅಷ್ಟು ಗಮನ ಕೊಟ್ಟು ನಾನು ಆ ಇಡೀ ಕೆಲಸದಲ್ಲಿ ಮಾಡಿದ್ದು ಅದೊಂದೇ. ಆ ನೂಲಿಗೆ ಅಡ್ಡ ಬರುವ ಹಾಗೆ ಕಮೋಡು ತಿರುಗಿಸ್ಬೇಕು, ತಿರುಗಿಸಿದರೆ ಪೈಪು ಸರಿಸ್ಬೇಕು, ಸರಿಸಿದರೆ ನಾಲ್ಕು ಟೈಲು ಒಡೀಬೇಕು. ಒಡೆದಾಯಿತು. ಅಂಗಡಿಗೆ ಹೋದರೆ ಆ ಬಿಳಿ ಮುಗಿದಿದೆ, ಇನ್ನು ಬರುವುದೂ ಇಲ್ಲ. ಮೂಲೆಯಲ್ಲಿ ಯಾರಿಗೋ ಉಳಿದ ಹಸಿರು ನಾಲ್ಕು ಇತ್ತು. ಅಂಗಡಿಯವರು ಅದನ್ನು ದುಡ್ಡು ತಗೊಳ್ಳದೆ ಕೊಟ್ಟರು. "ಈ ಸಲ ನಿಂತುಕೊಂಡೇ ತಗೊಳ್ಳಿ ಸಾರ್" ಅಂದರು.

ನೋಂಬಿನ ಹಿಂದಿನ ದಿವಸ ಸಂಜೆಯ ಅಸರ್ ನಮಾಝಿನ ಹೊತ್ತಿಗೆ ಉಮ್ಮ ಬಂದರು. ಬಾಗಿಲಲ್ಲಿ ನಿಂತು ನೋಡಿದರು. ಹಸಿರು ಟೈಲು ನೋಡಿದರು. ಒಳಗೆ ಹೋಗಿ ಬಾಗಿಲು ಹಾಕ್ಕೊಂಡರು. ನಾವೆಲ್ಲ ಹೊರಗೆ, ನಾನು, ಮೈಮೂನಾ, ಝುಬೈದಾ, ಸಂಜೀವ ಮೇಸ್ತ್ರಿ, ಪರೀಕ್ಷೆಯ ರಿಸಲ್ಟಿಗೆ ನಿಂತ ಹಾಗೆ. ನಗಾಡ್ಬೇಡಿ, ನಿಜವಾಗಿ ಹಾಗೇ ನಿಂತದ್ದು. ನೀರಿನ ಶಬ್ದ ಬಂತು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಉಮ್ಮ ಸರಳು ಹಿಡಿದು, ಯಾರ ಕೈಯೂ ಹಿಡಿಯದೆ, ಹೊರಗೆ ಬಂದರು.

"ಸಂಜೀವನಿಗೆ ಚಹಾ ಕೊಟ್ರಾ?" ಅಂತ ಕೇಳಿದರು.

ಅಷ್ಟೇ ಕಥೆ. ಕೆಲಸದವರು ಫೋನು ಮಾಡಿದರೆ ತೆಗೀರಿ, ತೆಗೆದ ಮೇಲೆ ಪೂರ್ತಿ ಕೇಳಿ. ಏಳಿ ಈಗ, ಅಜ್ಜಿ ಒಳಗಿಂದ ಕರೀತಾ ಇದ್ದಾರೆ.